ಪಿನ್ನಿಗೆ ಹಿಡಿದ ಕಿಲುಬು

೧೦ ಜನವರಿ ೧೯೫೬, ಮಂಗಳವಾರ

ಮತ್ತೆ ಅದೇ ಗರಗರ. ಮೈಕಿನ ಮುಂದೆ ನಿಂತು "ಹಲೋ" ಅಂದರೆ ಹಾರ್ನಿನಿಂದ "ಹ—" ಅಷ್ಟೇ ಹೊರಬೀಳುತ್ತದೆ. "ಲೋ" ವೈರಿನಲ್ಲೇ ಉಳಿಯುತ್ತದೆ. ವೈರು ತಿರುಚಿ ಹಿಡಿದರೆ ಒಂದು ಗಳಿಗೆ ಬರುತ್ತದೆ, ಕೈ ಬಿಟ್ಟರೆ ಸತ್ತಿತು. ಸಾಲೆಯ ವಾರ್ಷಿಕ ಗ್ಯಾದರಿಂಗ್ ಫೆಬ್ರವರಿ ನಾಲ್ಕಕ್ಕೆ. ಅರ್ಧ ಗಜೇಂದ್ರಗಡ ಬರುತ್ತದೆ. ನಾನು ಸ್ಟೇಜಿನ ಮೂಲೆಯಲ್ಲಿ ವೈರು ತಿರುಚಿ ಹಿಡಿದು ಕೂರಬೇಕೇ? ವಿಜ್ಞಾನ ಕಲಿಸಲು ಬಂದವನು ನಾನು. "ಸಾಯನ್ಸ್ ಮಾಸ್ತರ ಅಂದ ಮ್ಯಾಲೆ ಸೆಟ್ ನಿಮ್ಮದರಿ" ಎಂದು ಹೆಡ್‌ಮಾಸ್ತರರ ಅಪ್ಪಣೆ. ಹೋದ ವರ್ಷ ನರಗುಂದದ ಅಡತಿ ಸಾಹುಕಾರರು ಸಾಲೆಯ ನಾಟಕದ ಹಾಲಿಗೆ ಈ ಮೈಕು-ಹಾರ್ನಿನ ಸೆಟ್ಟು ದಾನ ಕೊಟ್ಟ ದಿನದಿಂದ ಈ ಶನಿ ನನ್ನ ಹೆಗಲೇರಿದೆ.

ಮೈಕಿನ ವೈರಿನ ತುದಿಯ ಪ್ಲಗ್ಗು ಬಿಚ್ಚಿ ನೋಡಿದೆ. ಶಿವ ಶಿವಾ! ಮೂರು ಹಿತ್ತಾಳೆ ಪಿನ್ನು. ಒಂದಕ್ಕೆ ಕುಂಕುಮ, ಒಂದಕ್ಕೆ ಅರಿಷಿಣ, ಮೂರನೆಯದಕ್ಕೆ ಎರಡೂ. ಮೇಲೆ ಎಣ್ಣೆ. ಒಣಗಿ, ಹಳದಿಯಾಗಿ, ಉಗುರಿಗೂ ಬಗ್ಗದ ಅಂಟಾಗಿದೆ. ಸಿಪಾಯಿ ಹನಮಪ್ಪನನ್ನು ಕೂಗಿದೆ.

"ದಸರಾ ಖಂಡೇಪೂಜಿ ದಿವಸ ಪೂಜಾ ಮಾಡೇನ್ರಿ ಸರ. ಸಾಲ್ಯಾಗಿನ ಎಲ್ಲಾದಕ್ಕೂ ಮಾಡೇನ್ರಿ. ಗಂಟಿ, ಗುದ್ದಲಿ, ನಿಮ್ಮ ತಕ್ಕಡಿ..."

"ಪ್ಲಗ್ಗಿನ ಒಳಗ ಯಾಕ ಹಚ್ಚಿದ್ಯೋ?"

"ಹೊರಗ ಕರ್ರಗ ಐತಲ್ರಿ. ಕುಂಕುಮ ಕಾಣೂದಿಲ್ಲ. ಒಳಗ ಹಿತ್ತಾಳಿ, ಚಂದ ಕಾಣತೈತಿ."

"ಎಣ್ಣಿ?"

"ಕುಸುಬಿ ಎಣ್ಣಿರಿ. ಜಂಗ ಹತ್ತಬಾರದಂತ. ನೇಕಾರರು ಲಾಳಿಗೆ ಹಚ್ಚತಾರಲ್ರಿ ಸರ, ಹಂಗ."

ಲಾಳಿ ಓಡುವುದಕ್ಕೆ ಎಣ್ಣೆ ಬೇಕು. ಇದು ಓಡುವುದಿಲ್ಲವೋ ಮಾರಾಯ, ಮುಟ್ಟಿಕೊಂಡು ನಿಲ್ಲಬೇಕು. ಲೋಹಕ್ಕೆ ಲೋಹ ಮುಟ್ಟಿದರೆ ಮಾತು. ನಡುವೆ ಕುಸುಬಿ ಎಣ್ಣೆ ಒಣಗಿ ಕೂತರೆ ಗೋಡೆ ಕಟ್ಟಿದ ಹಾಗೆ. ಹೇಳಿದೆ. ಹನಮಪ್ಪ "ಹೌದ್ರಿ ಹೌದ್ರಿ" ಎಂದ. ಏನೂ ತಿಳಿಯಲಿಲ್ಲ ಎಂಬುದು ಆ ಎರಡನೆಯ ಹೌದ್ರಿಯಲ್ಲೇ ಗೊತ್ತಾಯಿತು.

ಹಿಂದಿನ ಬೆಂಚಿನಲ್ಲಿ ಮುದಿಯಪ್ಪ ಮಾಸ್ತರರು. ಸಾಲೆ ಬಿಟ್ಟ ಮೇಲೆ ದಿನಾ ಬಂದು ಕೂರುತ್ತಾರೆ. ಕನ್ನಡದ ಮಾಸ್ತರರು, ಈ ಗ್ಯಾದರಿಂಗಿಗೆ ನಿವೃತ್ತಿ. ಒಂದು ಕಾಲಕ್ಕೆ ಅವರು ಹಾಜರಿ ಕರೆದರೆ ಗುಡ್ಡದ ಮೇಲಿನ ಕೋಟೆಗೆ ಕೇಳುತ್ತಿತ್ತಂತೆ. ಹೋದ ವರ್ಷ ಮಿರಜದಲ್ಲಿ ಗಂಟಲಿನ ಆಪರೇಶನ್. ಈಗ ಉಸಿರಿನಲ್ಲೇ ಮಾತು, ಬಾಯಿಯ ಹತ್ತಿರ ಕಿವಿ ಇಡಬೇಕು. "ಆತೇನ್ರಿ?" ಎಂದು ದಿನಾ ಕೇಳುತ್ತಾರೆ. ದಿನಾ ನಾನು "ಇಲ್ರಿ" ಅನ್ನಬೇಕು. ಸಾಕಾಗಿದೆ.

೧೨ ಜನವರಿ, ಗುರುವಾರ

ಚಾಕುವಿನಿಂದ ಕೆರೆದೆ. ಅಂಟು ಹೋಗಲಿಲ್ಲ, ನನ್ನ ಹೆಬ್ಬೆರಳು ಹೋಯಿತು. ಸ್ಪಿರಿಟ್ ಇದ್ದರೆ ಐದು ನಿಮಿಷದ ಕೆಲಸ. ಲ್ಯಾಬಿನ ಸ್ಪಿರಿಟ್ ಬಾಟಲಿ ಹೆಡ್‌ಮಾಸ್ತರರ ತಿಜೋರಿಯಲ್ಲಿದೆ. ಕೇಳಲು ಹೋದೆ.

"ಸ್ಪಿರಿಟ್ ಅಂದ್ರ ಏನ್ರಿ ಅದು? ದಾರೂ ಆತು."

"ಕುಡಿಯಾಕಲ್ರಿ ಸರ, ಒರಸಾಕ."

"ಒರಸಾಕ ಅಂತ ಇಸಕೊಳ್ಳೂದು, ಆಮ್ಯಾಲೆ ಬಾಟಲಿ ಅರ್ಧ ಆಗೂದು. ದಾರೂಬಂದಿ ಐತ್ರಿ, ಅಂದಪ್ಪನವರ. ನಾಳೆ ಯಾರರ ಅರ್ಜಿ ಒಗದ್ರ ಮುಂಬಯಿ ತನಕಾ ಉತ್ತರ ಕೊಡಾವ ನಾ."

ನಾನು ಸುಪಾರಿ ಸಹ ತಿನ್ನದವನು. ಅವರಿಗೆ ಗೊತ್ತು. ಆದರೂ ಕೊಡಲಿಲ್ಲ. ಪ್ರಯೋಗಕ್ಕೆ ತಂದ ಸ್ಪಿರಿಟ್ಟು ಪ್ರಯೋಗಕ್ಕೆ ಸಿಗದ ಲ್ಯಾಬು ನಮ್ಮದು.

ಸಂಜೆ ಹಾಲಿಗೆ ವಾಪಸ್ ಬಂದರೆ ಮುದಿಯಪ್ಪ ಮಾಸ್ತರರು ಪ್ಲಗ್ಗು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ. ಕಣ್ಣಿಗೆ, ಆಮೇಲೆ ಹಣೆಗೆ. ಹಣೆಯ ತುಂಬ ವಿಭೂತಿ. ನಾನು ಒಂದು ತಾಸು ಕೆರೆದ ಪಿನ್ನಿನ ಮೇಲೆ ಈಗ ಬೆಳ್ಳಗೆ ವಿಭೂತಿ!

ಕೂಗಾಡಿಬಿಟ್ಟೆ. ವಯಸ್ಸು ನೋಡಲಿಲ್ಲ. "ಅದೇನ ಲಿಂಗ ಏನ್ರಿ ಮಾಸ್ತರ? ಪ್ಲಗ್ಗು ಅದು, ಪ್ಲಗ್ಗು!" ಎಂದೆ. ಅವರು ಮೆಲ್ಲಗೆ ಕೆಳಗಿಟ್ಟರು. ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ಅದು ನನ್ನ ಗಂಟಲರಿ," ಎಂದರು.

ಹೊರಟು ಹೋದರು. ನಾನು ಮತ್ತೆ ಒರೆಸಲು ಕೂತೆ. ಸಿಟ್ಟು ಇಳಿಯಲಿಲ್ಲ, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

೧೫ ಜನವರಿ, ರವಿವಾರ

ಹೆಂಡತಿ ಸುಶೀಲಾ ಕುಸುರೆಳ್ಳು ಕೊಡಲು ನೇಕಾರ ಓಣಿಗೆ ಹೋಗಿದ್ದಳು. ಮುದಿಯಪ್ಪ ಮಾಸ್ತರರ ಮನೆಗೂ. ಬಂದವಳೇ ನನ್ನ ಮೇಲೆ ಹರಿಹಾಯ್ದಳು.

"ಆ ಅಜ್ಜಾರಿಗೆ ಬೈದ್ರಂತಲ್ರಿ? ನಿಮ್ಮ ಬಾಯಿಗೆ ಒಂದ ಕೀಲಿ ಹಾಕ್ಬೇಕ ನೋಡ್ರಿ."

ಆಮೇಲೆ ಹೇಳಿದಳು. ಅವರ ಹೆಂಡತಿ ಶಿವಬಸವ್ವ ನಲವತ್ತು ವರ್ಷ ಮಗ್ಗದ ಖಟಖಟದಲ್ಲಿ ಕೂತವಳು. ಕಿವಿ ಮಂದ. ಗಟ್ಟಿಯಾಗಿ ಕೂಗಿದರೆ ಕೇಳುತ್ತದೆ. ಮೊದಲು ಮಾಸ್ತರರ ದನಿಯೊಂದೇ ಅವಳಿಗೆ ಕೂಗದೆಯೂ ಕೇಳುತ್ತಿತ್ತಂತೆ. ಈಗ ಅವರಿಗೆ ಕೂಗಲಾಗದು, ಅವಳಿಗೆ ಕೇಳದು. ಬರೆದು ತೋರಿಸೋಣವೆಂದರೆ ಓದು ಬರದು. ಒಂದು ವರ್ಷದಿಂದ ಒಂದೇ ಮನೆಯಲ್ಲಿ ಗಂಡ ಹೆಂಡತಿ ಕೈಸನ್ನೆ ಮಾಡಿಕೊಂಡು ಇದ್ದಾರೆ.

"ನೆರಿಯವರು ನಡುವ ನಿಂತು ಕೂಗಿ ಹೇಳತೇವಿ ಅಂದ್ರ ಮಾಸ್ತರು ಒಲ್ಲೆ ಅಂತಾರಂತ. ಗಂಡ ಹೆಂಡ್ತಿ ಮಾತಿಗೆ ದಲ್ಲಾಳಿ ಬ್ಯಾಡಂತ. ನಿಮ್ಮ ಮೈಕಿನ್ಯಾಗ ಮಾತಾಡಿದ್ರ ಆಕೀಗೆ ಕೇಳತೈತಿ ಅಂತ ಹಾದಿ ಕಾಯಾಕತ್ತಾರ. ಗೊತ್ತೇನ್ರಿ ನಿಮಗ?"

ಗೊತ್ತಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಭಾಷಣದ ಚಪಲ ಎಂದುಕೊಂಡಿದ್ದೆ.

೧೯ ಜನವರಿ, ಗುರುವಾರ. ಸಂಜೆ ೫

ಚಮತ್ಕಾರ! ಹಾಲಿಗೆ ಹೋದರೆ ಪ್ಲಗ್ಗು ಹೊಸ ತಂಬಿಗೆಯ ಹಾಗೆ ಥಳಥಳ. ಹನಮಪ್ಪ ಎದೆ ಉಬ್ಬಿಸಿ ನಿಂತಿದ್ದ. ಕೆರೆಯಲಿಲ್ಲವಂತೆ. ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ. ದೇವರ ಪಾತ್ರೆ ತಿಕ್ಕುವ ಹಾಗೆ ಅವನ ಹೆಂಡತಿ ತಿಕ್ಕಿಕೊಟ್ಟಳಂತೆ.

ಹಚ್ಚಿದೆ. ಮಾತಾಡಿತು! ಗರಗರ ಇಲ್ಲ, ಚರ್‌ಚರ್ ಇಲ್ಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿ ಹನಮಪ್ಪನ ಬೆನ್ನು ತಟ್ಟಿದೆ.

ಮುದಿಯಪ್ಪ ಮಾಸ್ತರರನ್ನು ಸ್ಟೇಜಿಗೆ ಕರೆದೆ. ಮೈಕಿಗೆ ತುಟಿ ತಾಗಿಸಿ "ಒಂದು... ಎರಡು..." ಎಂದರು. ಹಾರ್ನಿನಲ್ಲಿ ಒಣ ಎಲೆಯ ಮೇಲೆ ನಡೆದಂಥ ದನಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. ತಮ್ಮ ದನಿ ತಾವೇ ಕೇಳಿ ಹೆದರಿ ಹಿಂದೆ ಸರಿದರು. ಕಣ್ಣು ತುಂಬಿತು.

"ನಾಳೆ ಅವ್ವಾರನ್ನ ಕರಕೊಂಡು ಬರ್ರಿ ಮಾಸ್ತರ," ಎಂದೆ.

ತಲೆ ಅಲ್ಲಾಡಿಸಿದರು. "ಮಗ್ಗದ ಮ್ಯಾಲೆ ಲಗ್ನದ ಸೀರಿ ಐತ್ರಿ. ಮುಗಿಯೂತನಾ ಏಳೂದಿಲ್ಲ ಆಕಿ. ಗ್ಯಾದರಿಂಗಿಗೆ ಬರತೇನಿ ಅಂದಾಳ. ಮೂವತ್ತ ವರ್ಷದಾಗ ಒಮ್ಮೆನೂ ಬಂದಾಕಿ ಅಲ್ಲ. ಆ ದಿವಸನ ಕೇಳಲಿ."

ಸರಿ. ನನಗೇನು, ಸೆಟ್ಟು ನೆಟ್ಟಗಾಯಿತಲ್ಲ.

೨೨ ಜನವರಿ, ರವಿವಾರ

ಮುದಿಯಪ್ಪ ಮಾಸ್ತರರ ಮನೆಯಲ್ಲಿ ಊಟ. ಕರೆದರು, ಇಲ್ಲವೆನ್ನಲಾಗಲಿಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ. ಪಲ್ಯದ ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಉಪ್ಪು! ಉಪ್ಪಿನ ಗಡಿಗೆಯನ್ನೇ ಬಗ್ಗಿಸಿದಂತೆ ಇತ್ತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ, ತಂಬಿಗೆ ಖಾಲಿ ಮಾಡಿದೆ.

ಮಾಸ್ತರರು ಸುಮ್ಮನೆ ಉಣ್ಣುತ್ತಿದ್ದರು. ನಡುವೆ ಒಮ್ಮೆ ಪಲ್ಯ ತೋರಿಸಿ, ಉಪ್ಪಿನ ಗಡಿಗೆ ತೋರಿಸಿ ಕೈ ಅಲ್ಲಾಡಿಸಿದರು. ಶಿವಬಸವ್ವ ಲಗುಬಗೆಯಿಂದ ಎದ್ದು ಇನ್ನೊಂದು ಚಿಟಿಕೆ ತಂದು ಅವರ ಪಲ್ಯಕ್ಕೆ ಹಾಕಿದಳು. ಪಾಪ, ಬೇನೆಯಿಂದ ನಾಲಗೆಯ ರುಚಿ ಹೋಗಿದೆ, ಇಷ್ಟು ಉಪ್ಪೂ ಸಾಲದು ಎಂದುಕೊಂಡೆ.

ಅವಳು ಮಾತಾಡಿದರೆ ಮಾಳಿಗೆ ಅದುರುತ್ತದೆ. ಕಿವಿ ಮಂದ ಇದ್ದವರ ದನಿ. "ಮಾಸ್ತರ! ಸೀರಿ ಇನ್ನ ಎರಡ ಮೊಳ ಐತ್ರಿ! ಗ್ಯಾದರಿಂಗಿಗೆ ಬರತೇನ್ರಿ! ಇವರು ಏನೋ ಹೇಳಾವರದಾರಂತ!" ಎಂದು ಕೂಗಿದಳು. ಮಾಸ್ತರರು ತಲೆ ತಗ್ಗಿಸಿ ನಕ್ಕರು.

೨೬ ಜನವರಿ, ಗುರುವಾರ

ಮಾನ ಹೋಯಿತು. ಧ್ವಜ ಹಾರಿತು, ಸೆಟ್ಟು ಹಾರಲಿಲ್ಲ.

ಬೆಳಿಗ್ಗೆಯೇ ಹೆಡ್‌ಮಾಸ್ತರರ ಹೊಸ ಹುಕುಂ: ಹಾಲಿನಲ್ಲಿ ಒಂದು ಹಾರ್ನು ಸಾಲದು, ಮಾಳಿಗೆಯ ಮೇಲೆ ಬಜಾರಿನ ಕಡೆ ಮುಖ ಮಾಡಿ ಇನ್ನೊಂದು ಕಟ್ಟಬೇಕು. ಊರಿಗೆಲ್ಲ ಭಾಷಣ ಕೇಳಬೇಕು. ಗ್ಯಾದರಿಂಗ್ ತನಕ ಅದು ಅಲ್ಲೇ ಇರಬೇಕು. ನಿಚ್ಚಣಿಕೆ ಹಿಡಿಯಲು ಹನಮಪ್ಪ, ಹತ್ತಲು ನಾನು. ಅದರ ವೈರು ಕಿಟಕಿಯಿಂದ ಇಳಿಸಿ ಸೆಟ್ಟಿನ ಹಿಂದಿನ ಎರಡನೆಯ ತೂತಿಗೆ ಹಚ್ಚಿದೆ.

ಹೆಡ್‌ಮಾಸ್ತರರು "ಪ್ರಿಯ ನಾಗರಿಕರೇ" ಅನ್ನುವುದರೊಳಗೆ ಚರ್... ಚರ್... ಠಪ್. ಮೂರು ಸಲ "ಪ್ರಿಯ" ಎಂದರು. ನಾಗರಿಕರು ಬರಲೇ ಇಲ್ಲ. ಹುಡುಗರು ಕಿಸಕ್ಕೆಂದರು.

ಬಿಚ್ಚಿದರೆ ಮೂರೂ ಪಿನ್ನು ಹಸಿರು. ಬುಡದಿಂದ ತುದಿಯ ತನಕ ಕಿಲುಬು. ಹುಣಸೆಯ ಹುಳಿ, ಉಪ್ಪಿನ ನೀರು ಒಳಸಂದಿಯಲ್ಲಿ ಕೂತು ವಾರದಲ್ಲಿ ಹಿತ್ತಾಳೆಯನ್ನು ತಿಂದಿದೆ. ತಂಬಿಗೆಯಾದರೆ ತಿಕ್ಕಿದ ಮೇಲೆ ಕೊಡಗಟ್ಟಲೆ ನೀರು ಹೊಯ್ಯುತ್ತಾರೆ. ಪ್ಲಗ್ಗಿಗೆ ಹನಮಪ್ಪನ ಹೆಂಡತಿ ಸೆರಗಿನಿಂದ ಒರೆಸಿದಳಂತೆ. ನಾನಾದರೂ ನೋಡಬಾರದಿತ್ತೇ? ಹೊಳೆದದ್ದು ಕಂಡು ಹಲ್ಲು ಕಿರಿದೆ. ಬಿ.ಎಸ್ಸಿ. ಪಾಸಾದದ್ದು ಯಾಕೆ? ಥೂ.

ಹೆಡ್‌ಮಾಸ್ತರರು ಎಲ್ಲರ ಮುಂದೆ, "ಸಾಯನ್ಸ್ ಮಾಸ್ತರ ಇದ್ದೂ ಹಿಂಗ," ಎಂದರು. ನಾನು ಹನಮಪ್ಪನ ಮೇಲೆ ಹರಿಹಾಯ್ದೆ. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ.

೨೮ ಜನವರಿ, ಶನಿವಾರ

ಸೆಟ್ಟಿನ ಬ್ಯಾಟರಿ ಚಾರ್ಜಿಗೆ ಮುರ್ತುಜಾಸಾಬನ ಹಿಟ್ಟಿನ ಗಿರಣಿಗೆ ಹೋದೆ. ಅವನ ಎಂಜಿನ್ನಿನ ಮೇಲೆಯೇ ಚಾರ್ಜ್ ಆಗಬೇಕು. ಮೈಯೆಲ್ಲ ಜೋಳದ ಹಿಟ್ಟು, ಬಾಯಿ ತುಂಬ ನಗೆ.

"ಮಾಸ್ತರ, ನಿಮ್ಮ ಸೆಟ್ಟಿಗೆ ದಿಟ್ಟಿ ಆಗೈತಿ. ಹುಣಶಿಹಣ್ಣ ಆತು. ಇನ್ನ ಮೆಣಸಿನಕಾಯಿ ನಿವಾಳಸ್ರಿ, ಸಾರ ಆದ್ರೂ ಆಗತೈತಿ."

ಹಲ್ಲು ಕಚ್ಚಿ ಕೇಳಿದೆ, ಪೆಟ್ರೋಲ್ ಬೇಕು ಎಂದು. ಬಸ್ಸಿನವರಿಂದ ಒಂದು ಸೀಸೆ ತರಿಸಿಕೊಟ್ಟ. ಸ್ಪಿರಿಟ್ಟಿಗೆ ತಿಜೋರಿ, ಪೆಟ್ರೋಲಿಗೆ ತೆರೆದ ಅಂಗಡಿ. ಏನು ರಾಜ್ಯವೋ.

ಮಧ್ಯಾಹ್ನವೆಲ್ಲ ಹಾಲಿನ ಮೆಟ್ಟಿಲ ಮೇಲೆ ಕೂತು ಒಬ್ಬನೇ ಮಾಡಿದೆ. ಮೊದಲು ಬಿಸಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದೆ. ಆಮೇಲೆ ಪಾಲಿಶ್ ಪೇಪರ್, ಮೆಲ್ಲಗೆ. ಆಮೇಲೆ ಅರಿವೆಯ ತುದಿಗೆ ಪೆಟ್ರೋಲ್. ಸೆಟ್ಟಿನ ತೂತುಗಳಿಗೆ ಕಡ್ಡಿಗೆ ಅರಿವೆ ಸುತ್ತಿ ಒಳಗೆಲ್ಲ. ಕಪ್ಪು, ಹಸಿರು, ಕೆಂಪು, ಹಳದಿ, ಒಂದು ವರ್ಷದ ಭಕ್ತಿ ಎಲ್ಲ ಹೊರಗೆ ಬಂತು. ಬ್ಯಾಟರಿಗೆ ವೈರು ಹಚ್ಚುವ ತುದಿಗಳಿಗೆ ವ್ಯಾಸಲೀನ್. ಸುಶೀಲಾ ಹಿಮ್ಮಡಿಗೆ ಇಟ್ಟುಕೊಂಡಿದ್ದ ಡಬ್ಬಿ, ಸಂಜೆ ಅದಕ್ಕೂ ಬೈಗುಳ ಇದೆ.

ಮುದಿಯಪ್ಪ ಮಾಸ್ತರರು ಬಂದರು. ದೂರ ನಿಂತರು. ಮುಟ್ಟಲಿಲ್ಲ. ಅದೇ ನನಗೆ ಚುಚ್ಚಿತು. ನಾನೇ ಕರೆದು ಹೇಳಿದೆ, ಇನ್ನು ಧೂಳು ಕೂರಬಾರದು, ಕೈ ತಾಗಬಾರದು, ಏನಾದರೂ ಮುಚ್ಚಿಡಬೇಕು ಎಂದು. ಹೋಗಿ ಒಂದು ತಾಸಿಗೆ ವಾಪಸ್ ಬಂದರು. ಕೈಯಲ್ಲಿ ಎರಡು ಪುಟ್ಟ ಸಂಚಿ. ಎಲೆ ಅಡಿಕೆಯ ಸಂಚಿಯ ಹಾಗೆಯೇ, ಲಾಡಿ ಎಳೆದರೆ ಬಾಯಿ ಮುಚ್ಚುತ್ತದೆ. ಲಗ್ನದ ಸೀರೆಯ ಮಗ್ಗದಲ್ಲಿ ಉಳಿದ ತುದಿಯ ಬಟ್ಟೆ, ಕೆಂಪು ಅಂಚು. ಶಿವಬಸವ್ವ ಹೊಲಿದುಕೊಟ್ಟಳಂತೆ. ಒಂದು ಮೈಕಿನ ಪ್ಲಗ್ಗಿಗೆ, ಒಂದು ಮಾಳಿಗೆಯ ಹಾರ್ನಿನ ಪ್ಲಗ್ಗಿಗೆ. ಅಳತೆ ತೆಗೆದಂತೆ ಕೂತವು.

"ಒಳಗ ಸುಣ್ಣ ಗಿಣ್ಣ ಇಲ್ಲಲ್ರಿ?" ಎಂದೆ. ಹೊಸದು ಎಂದು ಕೈಯಾಡಿಸಿ ತೋರಿಸಿದರು. ಚಲೋ ಆಯಿತು ಎಂದೆ, ಖರೇನೇ.

೩ ಫೆಬ್ರವರಿ, ಶುಕ್ರವಾರ

ಆರು ದಿನ. ದಿನಾ ಪರೀಕ್ಷೆ. ದಿನಾ ಸ್ಪಷ್ಟ. ರಾತ್ರಿ ಪ್ಲಗ್ಗನ್ನು ಸಂಚಿ ಸಹಿತ ಮನೆಗೆ ತರುತ್ತೇನೆ. "ಅದನ್ನ ತೊಟ್ಟಲದಾಗ ಹಾಕಿ ತೂಗ್ರಿ," ಅನ್ನುತ್ತಾಳೆ ಸುಶೀಲಾ.

ಹನಮಪ್ಪನಿಗೆ ಆಣೆ ಹಾಕಿಸಿದ್ದೇನೆ. ಕುಂಕುಮ ಇಲ್ಲ, ಎಣ್ಣೆ ಇಲ್ಲ, ಹುಣಸೆ ಇಲ್ಲ. ಕೈಯೇ ಹಚ್ಚಬಾರದು. ಇನ್ನು ಯಾವನು ಏನು ಮಾಡುತ್ತಾನೋ ನೋಡುತ್ತೇನೆ.

೫ ಫೆಬ್ರವರಿ, ರವಿವಾರ. ಬೆಳಿಗ್ಗೆ

ತೆಂಗಿನಕಾಯಿ.

ನಿನ್ನೆ ಬರೆಯಲಾಗಲಿಲ್ಲ. ಅಷ್ಟು ಸಿಟ್ಟು.

ಹಾಲು ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಶಿವಬಸವ್ವ, ಪೆಟ್ಟಿಗೆಯಿಂದ ತೆಗೆದ ಸೀರೆ, ಮಡಿಕೆಯ ಗೆರೆ ಸಹ ಇಳಿದಿರಲಿಲ್ಲ. ಮುಖ್ಯ ಅತಿಥಿ ನರಗುಂದದ ಅದೇ ಸಾಹುಕಾರರು. ನಾನು ಸ್ಟೇಜಿನ ಹಿಂದೆ ಬ್ಯಾಟರಿಯ ಹತ್ತಿರ. ಹನಮಪ್ಪ ಒಂದು ಮೈಲಿ ದೂರ ನಿಂತಿದ್ದ, ಪಾಪ.

ಸಾಹುಕಾರರು ಸ್ಟೇಜಿಗೆ ಬಂದವರೇ ಸೆಟ್ಟು ನೋಡಿದರು. "ನಮ್ಮ ಯಂತ್ರಕ್ಕ ಒಂದ ಕಾಯಿನೂ ಒಡದಿಲ್ಲೇನ್ರಿ? ಹ್ಯಾಂಗ ನಡದೀತು?" ಎಂದರು. ಹೆಡ್‌ಮಾಸ್ತರರೇ ಓಡಿಹೋಗಿ ಕಾಯಿ ತಂದರು. ನಾನು ಪರದೆ ಸರಿಸಿ "ಬ್ಯಾಡ್ರೀ!" ಅನ್ನುವುದರೊಳಗೆ ಸಾಹುಕಾರರು ಸೆಟ್ಟಿನ ಕಬ್ಬಿಣದ ಮೂಲೆಗೇ ಕಾಯಿ ಹೊಡೆದಿದ್ದರು. ನೀರು ದಳದಳ ಇಳಿಯಿತು. ಮೇಲೆ, ಬದಿಗೆ, ಪ್ಲಗ್ಗಿನ ಸಂದಿಗೆ. ಜನ ಚಪ್ಪಾಳೆ ಹೊಡೆದರು.

ಮೊದಲ ಭಾಷಣ ಸಾಹುಕಾರರದ್ದು. ಒಂದು ತಾಸು. ಆ ಒಂದು ತಾಸು ಸೆಟ್ಟು ಎಷ್ಟು ಚಂದ ಮಾತಾಡಿತು! ನರಗುಂದದ ಗೋದಿಯ ಧಾರಣೆಯಿಂದ ಹಿಡಿದು ಅವರ ಅಜ್ಜನ ದಾನದ ತನಕ ಒಂದಕ್ಷರ ಬೀಳಲಿಲ್ಲ. ನೀರು ಒಳಗೆ ಇಳಿಯುತ್ತಿತ್ತು, ಅಷ್ಟೇ.

ಮುದಿಯಪ್ಪ ಮಾಸ್ತರರು ಎದ್ದರು. ಮೈಕು ಎರಡೂ ಕೈಯಲ್ಲಿ ಹಿಡಿದರು. ಚರ್... ಚರ್... ಠಪ್.

ನಾನು ವೈರು ತಿರುಚಿದೆ, ಪ್ಲಗ್ಗು ಕಿತ್ತು ಒರೆಸಿ ಹಚ್ಚಿದೆ, ಊದಿದೆ. ಇಲ್ಲ. ಮಾಸ್ತರರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ನಿಲ್ಲಿಸಲೇ ಇಲ್ಲ, ತುಟಿ ಅಲುಗಿಸುತ್ತ ಹೋದರು. ಮೊದಲ ಸಾಲಿಗೂ ಕೇಳಲಿಲ್ಲ. ಶಿವಬಸವ್ವ ಕಿವಿಗೆ ಅಂಗೈ ಇಟ್ಟು ಕುತ್ತಿಗೆ ಚಾಚಿ ಕೂತಿದ್ದಳು. "ಏನಂದ್ರ? ಏನಂದ್ರ?" ಎಂದು ಪಕ್ಕದವಳನ್ನು ಕೇಳಿದಳು. ಅದು ಮಾತ್ರ ಇಡೀ ಹಾಲಿಗೆ ಕೇಳಿತು.

ಜನ ದೊಡ್ಡ ಚಪ್ಪಾಳೆ ಹೊಡೆದರು. ಮರುಕದ ಚಪ್ಪಾಳೆ. ಹಾರ ಹಾಕಿದರು. ಮಾಸ್ತರರು ಹೋಗುವಾಗ ನನ್ನ ಭುಜ ಮುಟ್ಟಿ "ಇರಲಿ ಬಿಡ್ರಿ," ಎಂದರು. ಎರಡು ಬೈಗುಳ ಬೈದಿದ್ದರೆ ಚಲೋ ಇತ್ತು. ಇರಲಿ ಬಿಡ್ರಿ ಅಂದರೆ ನಾನು ಏನು ಮಾಡಬೇಕು?

೯ ಫೆಬ್ರವರಿ, ಗುರುವಾರ

ಹೆಡ್‌ಮಾಸ್ತರರು ಸೆಟ್ಟನ್ನು ಹಾಲಿನ ಹಿಂದಿನ ಖೋಲಿಗೆ ಹಾಕಿ ಕೀಲಿ ಹಾಕಿಸಿದ್ದಾರೆ. "ಅಪಶಕುನದ ಡಬ್ಬಿ" ಅಂತೆ. ಕಾಯಿ ಒಡೆದವರಿಗೆ ಶಕುನ, ನನಗೆ ಅಪಶಕುನ.

ಸುಶೀಲಾ ಸುದ್ದಿ ತಂದಳು. ಮಾಸ್ತರರು ಮನೆ ಖಾಲಿ ಮಾಡುತ್ತಿದ್ದಾರೆ. ಸೋಮವಾರದ ಬಸ್ಸಿಗೆ ಕೊಣ್ಣೂರಿಗೆ, ಮಗಳ ಮನೆಗೆ. ಮಗ್ಗ ಬಿಚ್ಚಿ ಆಯಿತಂತೆ. ಅಲ್ಲಿ ಹೊಳೆ ಇದೆ, ಹೊಲ ಇದೆ. ಮೈಕು ಇಲ್ಲ.

ಸುಮ್ಮನೆ ಕೂರಲಾಗಲಿಲ್ಲ. ಹೊರಡುವಷ್ಟರಲ್ಲಿ ಬಾಗಿಲಲ್ಲಿ ಹನಮಪ್ಪ, ಕೈಯಲ್ಲಿ ಖೋಲಿಯ ಕೀಲಿ. ಕೇಳದೆಯೇ ತಂದಿದ್ದ. "ನಾ ಮುಟ್ಟೂದಿಲ್ರಿ ಸರ. ದೂರ ನಿಂದರತೇನಿ. ನೀವ ತಗೀರಿ," ಎಂದ.

ತೆರೆದರೆ ತೂತಿನಲ್ಲಿ ಇರುವೆ. ಕಾಯಿಯ ನೀರಿನ ಸಿಹಿಗೆ ಸಾಲುಗಟ್ಟಿವೆ. ಒಳಗೆ ಅಂಟು, ಅಂಟಿನ ಮೇಲೆ ಕಿಲುಬು. ಮತ್ತೆ ಬಿಸಿನೀರು, ಬಿಸಿಲು, ಪೇಪರ್, ಪೆಟ್ರೋಲ್. ಮೂರು ದಿನ ಬೇಕು. ಇರುವೆಗೂ ಬೈದೆ.

೧೨ ಫೆಬ್ರವರಿ, ರವಿವಾರ. ಮಧ್ಯಾಹ್ನ ೪

ಈಗ ಆದದ್ದು. ಬರೆದುಬಿಡುತ್ತೇನೆ.

ಹಾಲಿನಲ್ಲಿ ನಾಲ್ಕೇ ಜನ. ಶಿವಬಸವ್ವ ಮುಂದಿನ ಬೆಂಚಿನಲ್ಲಿ. ಅವಳ ಎದುರಿಗೆ ಕುರ್ಚಿಯ ಮೇಲೆ ಹಾರ್ನು. ಸ್ಟೇಜಿನ ಮೇಲೆ ಮಾಸ್ತರರು, ಸೆಟ್ಟಿನ ಹತ್ತಿರ ನಾನು, ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ಹನಮಪ್ಪ. ಸಂಚಿಯಿಂದ ಪ್ಲಗ್ಗು ತೆಗೆದು ಹಚ್ಚಿದೆ. ಸಣ್ಣಗೆ ಹುಂ ಎಂದಿತು. ಗರಗರ ಇಲ್ಲ.

ಮಾಸ್ತರರು ಮೈಕು ಹಿಡಿದು ಸುಮ್ಮನೆ ನಿಂತರು. ಒಂದು ವರ್ಷ ಕಾದವರು, ಮಾತೇ ಹೊರಡದು.

"ಏನ್ರೀ! ಕರಕೊಂಡ ಬಂದು ಬಾಯಾಗ ಬೆಲ್ಲ ಇಟ್ಕೊಂಡ್ರೇನು?" ಎಂದು ಅವಳು ಕೂಗಿದಳು.

"ಶಿವಬಸೂ..."

ಅವಳು ಬೆಚ್ಚಿದಳು. ಮಾಸ್ತರರನ್ನು ನೋಡಲಿಲ್ಲ, ಹಾರ್ನನ್ನು ನೋಡಿದಳು. ಕೈ ತಾನಾಗಿ ಕಿವಿಗೆ ಹೋಯಿತು, ಅರ್ಧಕ್ಕೆ ನಿಂತಿತು. ಬೇಕಾಗಲಿಲ್ಲ.

"ಶಿವಬಸೂ... ಪಲ್ಯಾಕ ಉಪ್ಪ ಭಾಳ ಹಾಕ್ತಿ."

ನಾನು ಹಣೆ ಚಚ್ಚಿಕೊಂಡೆ. ಇದಕ್ಕೇ? ಒಂದು ತಿಂಗಳು ನಾನು ಇದಕ್ಕೇ ಕೆರೆದದ್ದು?

"ವರ್ಷಾತು," ಎಂದಿತು ಹಾರ್ನು. "ಉಪ್ಪಿನ ಗಡಗಿ ತೋರ್ಸಿ ಬ್ಯಾಡ ಬ್ಯಾಡ ಅಂತ ಕೈ ಮಾಡ್ದೆ. ನೀ ಮತ್ತಷ್ಟ ಹಾಕ್ದಿ."

"ಅಯ್ಯ ನನ್ನ ಹಣೇಬರಾ! ಬೇಕಂತೀರಿ ಅನಕೊಂಡ್ನೆಲ್ರೀ ನಾ! ಮತ್ತ ವರ್ಷಾಪೂರ್ತಿ ಅದನ್ನ ಉಂಡ್ರೇನು?"

"ಉಂಡೆ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಹೊರಗಿಂದ ಗೊಳ್ಳೆಂದು ನಗೆ. ಒಬ್ಬಿಬ್ಬರದ್ದಲ್ಲ, ನೂರಾರು ಜನರದ್ದು.

ಮಾಳಿಗೆಯ ಹಾರ್ನು! ಬಜಾರಿನ ಕಡೆ ಮುಖ ಮಾಡಿದ್ದು. ಗ್ಯಾದರಿಂಗ್ ಮುಗಿದರೂ ಇಳಿಸಿಲ್ಲ. ಎರಡೂ ಪ್ಲಗ್ಗು ತಿಕ್ಕಿ, ಎರಡೂ ಹಚ್ಚಿದ್ದೇನೆ. ಬೆಪ್ಪುತಕ್ಕಡಿ ನಾನು. ಕಿಟಕಿಯಿಂದ ಇಣುಕಿದರೆ ಬಜಾರವೆಲ್ಲ ಕತ್ತು ಮೇಲೆತ್ತಿ ನಿಂತಿದೆ. ನೇಕಾರ ಓಣಿಯ ಖಟಖಟ ಒಂದೊಂದಾಗಿ ನಿಲ್ಲುತ್ತಿದೆ. ಮಗ್ಗ ಬಿಟ್ಟು ಹೊರಗೆ ಬಂದಿದ್ದಾರೆ.

ಮಾಸ್ತರರಿಗೆ ಏನೂ ಗೊತ್ತಿಲ್ಲ. "ಇನ್ನೊಂದ ಮಾತ ಐತಿ," ಎಂದರು. ದನಿ ಸಣ್ಣದಾಯಿತು. "ಮಿರಜದಾಗ ಆಪರೇಶನ್ನಿಗೆ ಒಯ್ಯೂ ಮುಂದ ಬಾಗಲದಾಗ ನಿನಗೊಂದ ಮಾತ ಹೇಳಿದೆ. ಗಂಟಲ ಕಟ್ಟಿ ಬಂದಿತ್ತು. ನೀ ಹೂಂ ಅಂದಿ. ಆದ್ರ ನಿನಗ ಕೇಳಿದ್ದಿಲ್ಲ. ನನಗ ಗೊತ್ತಾಗಿತ್ತು..."

ಓಡಿದೆ. ಸೆಟ್ಟಿನ ಹಿಂದೆ ಕೈ ಹಾಕಿ ಎರಡನೆಯ ಪ್ಲಗ್ಗು ಕಿತ್ತೆ. ಒಂದು ತಿಂಗಳು ಮುಟ್ಟಿಸಲು ಹೆಣಗಿದವನು, ನಾನೇ ಕಿತ್ತೆ. ವೈರು ಹಿಡಿದುಕೊಂಡೇ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹನಮಪ್ಪನನ್ನೂ ಎಳೆದುಕೊಂಡೆ.

"ಏ ಮಾಸ್ತರ! ಹಚ್ಚ್ರೀ!" ಎಂದು ಬಜಾರು ಕೂಗಿತು. "ಏನ ಹೇಳಾಕತ್ತಿದ್ರು? ನಿಲ್ಲಸಬ್ಯಾಡ್ರಿ!" ಎಲ್ಲರ ಮುಂದೆ ಹಿಟ್ಟಿನ ಮೈಯಲ್ಲಿ ಮುರ್ತುಜಾಸಾಬ. "ಏನಾತ್ರಿ ಮಾಸ್ತರ?"

"ಕೆಟ್ಟೈತ್ರಿ!" ಎಂದು ಕೂಗಿದೆ. "ಪಿನ್ನಿಗೆ ಕಿಲುಬು ಹಿಡದೈತಿ!"

ಮುರ್ತುಜಾಸಾಬ ನನ್ನ ಕೈ ನೋಡಿದ. ಪ್ಲಗ್ಗು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ನನ್ನ ಮುಖ ನೋಡಿದ.

"ಹೌದ್ರಿ, ಭಾಳ ಹಿಡದೈತಿ," ಎಂದು ಜನರ ಕಡೆ ತಿರುಗಿದ. "ನಡೀರಿ, ನಡೀರಿ. ಇವರ ಸೆಟ್ ಯಾವತ್ತ ನೆಟ್ಟಗಿತ್ತು?"

ಒಳಗೆ ಏನಾಯಿತೋ ಕೇಳಲಿಲ್ಲ. ಹನಮಪ್ಪ ಬಾಗಿಲಿಗೆ ಕಿವಿ ಕೊಡಲು ಹೋದ, ಕಿವಿ ಹಿಂಡಿದೆ. ಬಹಳ ಹೊತ್ತಿಗೆ ಬಾಗಿಲು ತೆರೆಯಿತು. ಶಿವಬಸವ್ವನ ಮುಖವೆಲ್ಲ ಒದ್ದೆ. "ಮಾಸ್ತರ! ಎಷ್ಟ ಜೋರ ಮಾತಾಡ್ತಾರ ನೋಡ್ರಿ ಇವರು, ನಾಚಿಕಿ ಇಲ್ದಂಗ!" ಎಂದು ಕೂಗಿ ಗಂಡನ ಕೈ ಹಿಡಿದು ಮೆಟ್ಟಿಲಿಳಿಸಿದಳು. ಹಾಡಹಗಲು, ಬಜಾರಿನ ಎದುರಿಗೆ.

ಅದೇ ದಿನ, ಸಂಜೆ

ಎರಡೂ ಪ್ಲಗ್ಗು ಒರೆಸಿ ಸಂಚಿಯಲ್ಲಿಟ್ಟು ಲಾಡಿ ಎಳೆದೆ.

"ಆ ಇನ್ನೊಂದ ಮಾತ ಏನಂತ್ರಿ?" ಎಂದು ಸುಶೀಲಾ ಮೂರು ಸಲ ಕೇಳಿದಳು. ಗೊತ್ತಿಲ್ಲ ಎಂದೆ. ನಂಬಲಿಲ್ಲ. ಊಟಕ್ಕೆ ಹಾಕಿದಳು. ಪಲ್ಯ ಸಪ್ಪೆ, ಇವತ್ತು ಉಪ್ಪನ್ನೇ ಮರೆತಿದ್ದಾಳೆ. ಬಾಯಿ ತೆರೆದೆ, ಎಂದಿನಂತೆ ಬೈಯಲು. ಎದುರಿಗೇ ಕೂತಿದ್ದಳು. ಅವಳ ಕಿವಿ ನೆಟ್ಟಗಿದೆ. ನನ್ನ ಗಂಟಲೂ ನೆಟ್ಟಗಿದೆ. ಹನ್ನೊಂದು ವರ್ಷದಲ್ಲಿ ಈ ಗಂಟಲಿನಿಂದ ಅವಳಿಗೆ ಉಪ್ಪು ಹುಳಿ ಬಿಟ್ಟು ಬೇರೆ ಏನಾದರೂ—

ಕರೆಯುತ್ತಿದ್ದಾಳೆ. ಹೋಗಿ ಹೇಳುತ್ತೇನೆ. ಮೊದಲಿಗೆ ಉಪ್ಪಿನದಲ್ಲದ ಒಂದು ಮಾತು.